ಜಪಸರ ಮಾತೆಯ ಹಬ್ಬದ ಪ್ರಬೋಧನೆ: ನೀರಿನಲ್ಲಿ ನಿಂತ ದೇವಾಲಯ



ಅಕ್ಟೋಬರ್ 7ರಂದು ಧರ್ಮಸಭೆ ಜಪಸರ ಮಾತೆಯ ಹಬ್ಬವನ್ನು ಆಚರಿಸುತ್ತದೆ. ಈ ದಿನ ಹಾಸನ ಸೀಮೆಯ ಹಿರಿಯರಿಗೆ ಹೇಮಾವತಿ ದಂಡೆಯ ಶೆಟ್ಟಿಹಳ್ಳಿ ನೆನಪಾಗುತ್ತದೆ. ಅಲ್ಲಿನ ದೇವಾಲಯವೂ ಜಪಸರ ಮಾತೆಯ ಹೆಸರಿನದೇ. 1860ರ ದಶಕದಲ್ಲಿ ಫ್ರಾನ್ಸ್ ದೇಶದ ಮಿಷನರಿ ಗುರುಗಳು ಅದನ್ನು ಕಟ್ಟಿಸಿದರು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರು ಹಿನ್ನೀರಿನ ಪಾಲಾಯಿತು, ಜನರು ಬೇರೆಡೆ ನೆಲೆಸಿದರು. ಮಳೆ ಚೆನ್ನಾಗಿ ಆದ ವರ್ಷ, ಈ ಹಬ್ಬದ ಹೊತ್ತಿಗೆ, ಚಾವಣಿಯಿಲ್ಲದ ಆ ಗೋಡೆಗಳು ನೀರಿನ ನಡುವೆ ನಿಂತಿರುತ್ತವೆ.

ಇಂದು ದೂರದೂರುಗಳಿಂದ ಜನರು ಬಂದು ಫೋಟೋ ತೆಗೆದುಕೊಳ್ಳುತ್ತಾರೆ. ಅವರಿಗೆ ಅದು ಸುಂದರವಾದ ಪಾಳುಗೋಡೆ. ಆದರೆ ಅಂಥ ಊರುಗಳಲ್ಲಿ ಹರೆಯ ಕಳೆದವರಿಗೆ ಕಾಡುವುದು ಕಮಾನುಗಳಲ್ಲ, ಅಂಗಳ. ನಮ್ಮ ಹಳ್ಳಿಗಳಲ್ಲಿ ಬಲಿಪೂಜೆ ಮುಗಿದ ಮೇಲೆ ಜನರು ಅಂಗಳದಲ್ಲೇ ನಿಲ್ಲುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಸಂಬಂಧ ಬಂದಿದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತಿತ್ತು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಹಿರಿಯರು ಅಲ್ಲೇ ಒಂದುಮಾಡುತ್ತಿದ್ದರು.

ಇಂಥ ಹಂಬಲವನ್ನು ನಾವು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದು. ಹೇಮಾವತಿಯ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹರಿಯುತ್ತಿದೆ. ಆ ನೀರಿನಿಂದ ಬೆಳೆದ ಅನ್ನದ ಹಿಂದೆ ಮನೆ, ಹೊಲ, ದೇವಾಲಯಗಳನ್ನು ಬಿಟ್ಟುಕೊಟ್ಟವರ ಕಣ್ಣೀರಿದೆ. ಊಟಕ್ಕೆ ಮುನ್ನ ದೇವರಿಗೆ ವಂದನೆ ಸಲ್ಲಿಸುವಾಗ ಅವರನ್ನೂ ನೆನೆಯುವುದು ನಮ್ಮ ಋಣ.

ಈ ಹಬ್ಬದ ಮೊದಲ ವಾಚನ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದ್ದು. ಪ್ರಭು ಸ್ವರ್ಗಾರೋಹಣವಾದ ಮೇಲೆ ಶಿಷ್ಯರು ಜೆರುಸಲೇಮಿನಲ್ಲಿ ಮೇಲಂತಸ್ತಿನ ಕೊಠಡಿಯೊಂದರಲ್ಲಿ ಸೇರುತ್ತಾರೆ. ಅದು ಯಾರ ಮನೆ, ಎಷ್ಟು ದೊಡ್ಡದು ಎಂದು ಅಲ್ಲಿ ಹೇಳಿಲ್ಲ. ಆದರೆ ಹನ್ನೊಂದು ಮಂದಿ ಪ್ರೇಷಿತರ ಹೆಸರನ್ನು ಒಂದೊಂದಾಗಿ ಬರೆದಿದೆ. ಮಾತೆ ಮರಿಯಮ್ಮನವರೂ ಇತರ ಸ್ತ್ರೀಯರೂ ಅವರೊಂದಿಗೆ ಪ್ರಾರ್ಥನೆಯಲ್ಲಿದ್ದರು. ಕೊಠಡಿಯ ವರ್ಣನೆಯಿಲ್ಲ, ಕೂಡಿದವರ ಹೆಸರುಗಳಿವೆ. ಧರ್ಮಸಭೆ ಎಂದರೆ ಇದೇ ಅಲ್ಲವೇ?

ಶೆಟ್ಟಿಹಳ್ಳಿಯ ಅಂಗಳವನ್ನು ನೀರು ತೆಗೆದುಕೊಂಡಿತು. ನಮ್ಮ ಅಂಗಳಗಳನ್ನು ಯಾವ ನೀರೂ ಮುಟ್ಟಿಲ್ಲ, ಆದರೂ ಅವು ಬರಿದಾಗುತ್ತಿವೆ. ಅಂತಿಮ ಆಶೀರ್ವಾದ ಮುಗಿಯುವ ಮೊದಲೇ ಬೈಕುಗಳ ಸದ್ದು ಕೇಳುತ್ತದೆ. ಪಕ್ಕದ ಬೆಂಚಿನಲ್ಲಿ ಕುಳಿತ ವಿಧವೆ ತಾಯಿಯ ಹೆಸರು ನಮಗೆ ಗೊತ್ತಿರುವುದಿಲ್ಲ. ನೀರಿನಲ್ಲಿ ನಿಂತ ಗೋಡೆಗಳಿಗಾಗಿ ಮರುಗುವ ನಾವು, ನಮ್ಮ ಕಣ್ಣೆದುರಿನ ಜನರನ್ನೇ ಕಳೆದುಕೊಂಡರೆ ಆ ಮರುಕಕ್ಕೆ ಅರ್ಥವೇನು?

ಆದ್ದರಿಂದ ಈ ಜಪಸರ ತಿಂಗಳಲ್ಲಿ ಪ್ರತಿ ಕುಟುಂಬವೂ ಮೂರು ಕೆಲಸ ಮಾಡೋಣ. ಭಾನುವಾರ ಪೂಜೆಯ ನಂತರ ಕಾಲು ಗಂಟೆ ಅಂಗಳದಲ್ಲಿ ನಿಲ್ಲೋಣ. ಮನೆಯ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಅವರ ಊರಿನ ಗುಡಿ, ಹಬ್ಬ, ಗೆಳೆಯರ ವಿಷಯ ಕೇಳೋಣ. ಮಕ್ಕಳು ಅದನ್ನು ಬರೆದಿಡಲಿ. ವಾರದಲ್ಲಿ ಒಂದು ಸಂಜೆ ಒಂಟಿಯಾಗಿರುವ ನೆರೆಯವರ ಮನೆಯಲ್ಲಿ ಜಪಸರ ಹೇಳೋಣ. ಜಪಸರಕ್ಕೆ ಗೋಪುರ ಬೇಕಿಲ್ಲ, ಕೂಡಿ ಕೂರಲು ನಾಲ್ಕು ಜನರಿದ್ದರೆ ಸಾಕು.

ಮೇಲಂತಸ್ತಿನ ಕೊಠಡಿಯಲ್ಲಿ ಶಿಷ್ಯರೊಂದಿಗೆ ಪ್ರಾರ್ಥಿಸಿದ ಮಾತೆ ಮರಿಯಮ್ಮನವರು, ಊರು ಕಳೆದುಕೊಂಡ ಎಲ್ಲರನ್ನೂ ನಮ್ಮನ್ನೂ ತಮ್ಮ ಸುತನ ಬಳಿ ಒಟ್ಟುಗೂಡಿಸಲಿ. ಆಮೆನ್.