ಕಣಿವೆಯಲ್ಲಿ ‘ಅವನು’ ‘ನೀನು’ ಆದಾಗ



ಕೆಲವು ವರ್ಷಗಳ ಹಿಂದಿನ ಮಾತು. ಬೆಳಗಾದರೆ ಅಮ್ಮನಿಗೆ ಆಪರೇಷನ್. ಆ ರಾತ್ರಿ ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಆಚೆ ಮಂಚದಲ್ಲಿ ಬಳ್ಳಾರಿ ಕಡೆಯ ಒಬ್ಬ ಅಜ್ಜಿ. ಅವರಿಗೂ ಮರುದಿನವೇ. ದಿಂಬಿನ ಪಕ್ಕ ಕಪ್ಪು ರಟ್ಟಿನ ಕನ್ನಡ ಬೈಬಲ್. ಬೆನ್ನು ಕಿತ್ತುಬಂದಿದ್ದರಿಂದ ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ್ದರು. ಹತ್ತು ಗಂಟೆಗೆ ದೀಪ ಆರಿತು. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಅಜ್ಜಿಯ ಗುನುಗು ಕೇಳಿಸತೊಡಗಿತು. ಕಿವಿಗೊಟ್ಟರೆ ಇಪ್ಪತ್ತಮೂರನೆಯ ಕೀರ್ತನೆ. ದೇವರನ್ನು ಕುರಿ ಕಾಯುವವನೆಂದು ಕರೆಯುವ ಹಾಡು. ಕ್ರೈಸ್ತ ಗೆಳೆಯರ ಮನೆಗಳಲ್ಲಿ, ಸಾವಿನ ಹೊತ್ತಿನಲ್ಲಿ, ಎಷ್ಟೋ ಸಲ ಕೇಳಿದ್ದೆ. ಆದರೆ ಅಜ್ಜಿ ಅದನ್ನು ಮುಗಿಸುತ್ತಿರಲಿಲ್ಲ. ನಡುವಿನವರೆಗೆ ಬಂದು ಸುಮ್ಮನಾಗುವರು, ಮತ್ತೆ ಮೊದಲಿನಿಂದ ಶುರು ಮಾಡುವರು. ಪಾಪ, ವಯಸ್ಸಾಯಿತು, ಮುಂದಿನ ಸಾಲು ಮರೆತಿರಬೇಕು ಅಂದುಕೊಂಡೆ.

ಆ ಕೀರ್ತನೆಯಲ್ಲಿ ಇರುವುದು ಆರೇ ಆರು ವಚನ. ದಾವೀದನ ಹಾಡು ಎಂದು ಬೈಬಲ್ ಹೇಳುತ್ತದೆ. ದಾವೀದ ಅರಸನಾಗುವ ಮೊದಲು ಬೆತ್ಲೆಹೇಮಿನಲ್ಲಿ ಅಪ್ಪನ ಕುರಿ ಕಾಯುತ್ತಿದ್ದ ಹುಡುಗ, ಮನೆಯ ಕೊನೆಯ ಮಗ. ಮಂದೆಗೆ ಬಂದ ಸಿಂಹ ಕರಡಿಗಳ ಬೆನ್ನಟ್ಟಿ ಕುರಿ ಬಿಡಿಸಿಕೊಂಡು ಬಂದವನು.

ಈ ಹಾಡನ್ನು ಕ್ಯಾಲೆಂಡರಿನ ಚಿತ್ರದಂತೆ ಕಾಣುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಕಣ್ಣು ಹಾಯಿಸಿದಷ್ಟು ದೂರ ಹಸಿರು, ತೆಳ್ಳಗೆ ಹರಿಯುವ ಹೊಳೆ, ತೊಳೆದಿಟ್ಟಂಥ ಬಿಳಿ ಕುರಿಗಳು. ಆ ಸೀಮೆ ಹಾಗಿಲ್ಲ. ಬೆತ್ಲೆಹೇಮ್ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಗುಡ್ಡದ ಮೇಲಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರ್ ಇಳಿದರೆ ಮೃತ ಸಮುದ್ರ. ಅದು ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಕೆಳಗೆ. ಅಷ್ಟು ಕಡಿದಾದ ಇಳಿಜಾರಿನಲ್ಲಿ ಇರುವುದು ಸುಣ್ಣಕಲ್ಲಿನ ಬೋಳು ಗುಡ್ಡಗಳು, ನಡುನಡುವೆ ಸೀಳಿಟ್ಟಂಥ ಕಣಿವೆಗಳು. ಚಳಿಗಾಲದ ಮಳೆ ಬಿದ್ದಾಗ ಕೆಲವು ತಿಂಗಳು ಹುಲ್ಲು ಮುಖ ತೋರಿಸುತ್ತದೆ, ಆಮೇಲೆ ಬಿಸಿಲು ಎಲ್ಲವನ್ನೂ ಸುಟ್ಟುಹಾಕುತ್ತದೆ. ಎಲ್ಲೋ ಮಳೆ ಸುರಿದು ಒಣ ಹಳ್ಳದಲ್ಲಿ ಏಕಾಏಕಿ ನೀರು ನುಗ್ಗಿದರೆ ಕುರಿಯೂ ಉಳಿಯದು, ಕಾಯುವವನೂ ಉಳಿಯನು. ಅಂಥ ಕಡೆ ಹಸಿರು ಎಲ್ಲಿದೆ, ನಿಂತ ನೀರು ಎಲ್ಲಿದೆ ಎಂಬುದು ಕುರಿಗೆ ತಿಳಿಯುವ ಮಾತಲ್ಲ. ಬಲ್ಲವನೊಬ್ಬ ಮುಂದೆ ನಡೆಯಬೇಕು.

ಇನ್ನೊಂದು ಸೂಕ್ಷ್ಮ ನೋಡಿ. ಹಸಿರಿನ ಮೇಲೆ ಕುರಿ ಮೇಯುತ್ತದೆ ಎಂದು ದಾವೀದ ಹೇಳುವುದಿಲ್ಲ, ಕಾಯುವವನು ಅದನ್ನು ಮಲಗಿಸುತ್ತಾನೆ ಎನ್ನುತ್ತಾನೆ. ಹಸಿದ ಕುರಿ ಹುಲ್ಲಿನ ಮೇಲೆ ಮಲಗುವುದುಂಟೆ? ಹೊಟ್ಟೆ ತುಂಬಿ, ಸುತ್ತಲಿನ ಅಂಜಿಕೆ ಇಳಿದ ಮೇಲೆ ಅದು ಮೊಣಕಾಲೂರಿ ಕೂತು ಮೆಲುಕು ಹಾಕುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಆ ನೋಟ ಗೊತ್ತು: ಅರೆಮುಚ್ಚಿದ ಕಣ್ಣು, ಅಡ್ಡಡ್ಡ ಆಡುವ ದವಡೆ. ಹಾಡು ಕಟ್ಟಿದವನು ಕುರಿಗಳ ಜೊತೆ ರಾತ್ರಿ ಕಳೆದವನು ಎನ್ನುವುದಕ್ಕೆ ನನಗೆ ಈ ಒಂದು ಮಾತು ಸಾಕು.

ಬಾದಾಮಿ ಕಡೆ ಹೋಗಿದ್ದಾಗ, ಒಂದು ಸಂಜೆ, ಜೋಳ ಕೊಯ್ದ ಹೊಲವೊಂದರಲ್ಲಿ ಕುರಿ ತರುಬಿದ್ದನ್ನು ಕಂಡೆ. ಹೊಲಕ್ಕೆ ಗೊಬ್ಬರವಾಗಲಿ ಎಂದು ರಾತ್ರಿ ಕುರಿಮಂದೆ ನಿಲ್ಲಿಸುವುದಕ್ಕೆ ಆ ಸೀಮೆಯ ಮಾತು ಅದು. ಸುತ್ತ ಗೂಟ ನೆಟ್ಟು ಬಲೆ ಕಟ್ಟಿದ್ದರು, ಒಳಗೆ ಹೋಗಲು ಒಂದೇ ಸಂದು. ಕಂಬಳಿ ಹೊದ್ದ ಹಿರಿಯರೊಬ್ಬರು ಆ ಸಂದಿನಲ್ಲಿ ಕೋಲು ಅಡ್ಡ ಹಿಡಿದು ನಿಂತು ಒಂದೊಂದೇ ಕುರಿಯನ್ನು ಒಳಗೆ ಬಿಡುತ್ತಿದ್ದರು. ಆ ಹೊತ್ತಿಗೇ ಹುಟ್ಟಿದ ಮರಿಯೊಂದು ಅವರ ಕಂಬಳಿಯ ಕೊಪ್ಪೆಯಿಂದ ಮೂತಿ ಹೊರಗೆ ಹಾಕಿತ್ತು.

“ಎಷ್ಟು ಅದಾವ್ರಿ?” ಎಂದೆ.

“ನೂರಾ ಎಂಬತ್ತರ ಮ್ಯಾಲ ಅದಾವ್ರಿ.”

“ದಿನಾ ಎಣಸ್ತೀರೇನು?”

ಅವರು ಕುರಿಗಳಿಂದ ಕಣ್ಣು ಕೀಳದೆಯೇ ಹೇಳಿದರು: “ಎಣಸೂದ್ ಯಾಕ್ರಿ? ಮಾರಿ ನೋಡ್ತೀನಿ. ಯಾವ್ದರ ಮಾರಿ ಕಾಣ್ಲಿಲ್ಲಂದ್ರ ಅದು ಹೊರಗ ಉಳೀತು ಅಂತ.”

ಆ ಮಾತು ಕೇಳಿದಾಗಿನಿಂದ ಯೇಸು ಹೇಳಿದ ಕತೆಯೊಂದು ನನಗೆ ಬೇರೆಯಾಗಿಯೇ ಕೇಳಿಸುತ್ತದೆ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಅದಿದೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನು ಹುಡುಕಿ ಹೊರಡುವವನ ಕತೆ. ನಾನದನ್ನು ಲೆಕ್ಕದ ಕತೆ ಎಂದುಕೊಂಡಿದ್ದೆ. ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಬಿಡುವುದೆಂಥ ಜಾಣತನ ಎಂದು ಒಳಗೊಳಗೇ ತಕರಾರೂ ಇತ್ತು. ಆದರೆ ಮುಖ ನೋಡಿ ಗುರುತಿಸುವವನಿಗೆ ನೂರರಲ್ಲಿ ಒಂದು ಕಮ್ಮಿ ಎಂಬ ಲೆಕ್ಕವೇ ಇಲ್ಲ. ಆ ಮುಖ ಇಲ್ಲ, ಅಷ್ಟೇ. ಮಕ್ಕಳು ಮೂರಿರಲಿ ಆರಿರಲಿ, ಒಂದು ಮಗು ಮನೆಗೆ ಬಂದಿಲ್ಲವೆಂದರೆ ತಾಯಿಗೆ ಉಣ್ಣಲು ಸೇರುತ್ತದೆಯೇ?

ಆ ಕತೆಯಲ್ಲಿ ಕುರಿ ಮಾಡಿದ ಕೆಲಸವೇನು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಅದು ದಾರಿ ಕಂಡುಕೊಳ್ಳಲಿಲ್ಲ, ತಪ್ಪಾಯಿತು ಎನ್ನಲಿಲ್ಲ, ನಡೆದೂ ಬರಲಿಲ್ಲ. ಸಿಕ್ಕಿದ ಕೂಡಲೇ ಅವನು ಬೈಯದೆ ಹೊಡೆಯದೆ ಹೆಗಲ ಮೇಲೆ ಹೊತ್ತುಕೊಂಡ. ನೆಮ್ಮದಿಯನ್ನೂ ನಾವೇ ದುಡಿದು ಸಂಪಾದಿಸಬೇಕು, ಅದಕ್ಕೂ ಒಂದು ಶಿಸ್ತು, ಒಂದು ವೇಳಾಪಟ್ಟಿ ಬೇಕು ಎಂದು ಹೈರಾಣಾದವರಿಗೆ ಈ ಹೆಗಲು ದೊಡ್ಡ ಸಮಾಧಾನ. ರೋಮ್ ನಗರದ ನೆಲದಡಿಯಲ್ಲಿ ಮೊದಮೊದಲ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ಸುರಂಗಗಳಿವೆ. ಪ್ರಿಸಿಲ್ಲಾ ಎಂಬ ಹೆಸರಿನ ಅಂಥ ಒಂದು ಸಮಾಧಿಯ ಛಾವಣಿಯಲ್ಲಿ, ಮೂರನೆಯ ಶತಮಾನದ ಚಿತ್ರದಲ್ಲಿ, ಹೆಗಲ ಮೇಲೆ ಆಡೊಂದನ್ನು ಹೊತ್ತ ತರುಣ ಕಾಣುತ್ತಾನೆ. ಶಿಲುಬೆಯ ಚಿತ್ರ ಎಲ್ಲೆಡೆ ಕಾಣಿಸಿಕೊಳ್ಳುವುದಕ್ಕೂ ಮೊದಲಿನ ಕಾಲ. ಸತ್ತವರನ್ನು ಕತ್ತಲಲ್ಲಿ ಬಿಟ್ಟು ಬರುವಾಗ ಆ ಜನ ನೋಡಬಯಸಿದ್ದು ಈ ಹೆಗಲನ್ನು.

ಈ ಕುರಿ ಕಾಯುವವನು ನಮ್ಮ ಮಾತಿಗೂ ಬಂದ. ಕನ್ನಡಕ್ಕೆ ಇಡೀ ಬೈಬಲ್ ಬಂದು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯಲ್ಲಿ, ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯ ದುಡಿಮೆಯಿಂದ. ಬಳ್ಳಾರಿಯೆಂದರೆ ಕರಿಕಂಬಳಿಯ, ಕುರಿಹಟ್ಟಿಗಳ ಸೀಮೆ. ಇಂದು ಒಂದು ಅನುವಾದದಲ್ಲಿ ದೇವರು ‘ಕುರುಬ’, ಮತ್ತೊಂದರಲ್ಲಿ ‘ಕುರಿಗಾಹಿ’. ಎರಡೂ ನಮ್ಮ ಹೊಲದಲ್ಲೇ ಓಡಾಡುವ ಮಾತು. ಆಸ್ಪತ್ರೆಯ ಆ ಅಜ್ಜಿ ದೇವರು ಎಂದಾಗ ಅವರ ಕಣ್ಣಿಗೆ ಬರುವುದು ದೂರದ ಇಸ್ರಾಯೇಲಿನ ಯಾರೋ ಅಲ್ಲ, ಊರ ಹೊರಗಿನ ಹಟ್ಟಿಯಲ್ಲಿ ಮಳೆಗೆ ನೆನೆಯುತ್ತ ಕೋಲೂರಿ ನಿಂತವನು.

ಈಗ ಕೀರ್ತನೆಯಲ್ಲಿ ಬರುವ ಕಣಿವೆಯ ಮಾತು. ಹಾಡಿನ ಮೊದಲ ಮೂರು ವಚನಗಳಲ್ಲಿ ದಾವೀದ ದೇವರ ಬಗ್ಗೆ ಮಾತಾಡುತ್ತಾನೆ. ಅವನು ಮಲಗಿಸುತ್ತಾನೆ, ಅವನು ನಡೆಸುತ್ತಾನೆ, ಅವನು ಜೀವ ಮರಳಿಸುತ್ತಾನೆ. ಎಲ್ಲವೂ ಹಿತವಾಗಿದ್ದಾಗ ದೇವರು ‘ಅವನು’. ನಾಲ್ಕನೆಯ ವಚನದಲ್ಲಿ ದಾರಿ ಕತ್ತಲೆಯ ಕಣಿವೆಗೆ ಇಳಿಯುತ್ತದೆ. ಅಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, ‘ಅವನು’ ಹೋಗಿ ‘ನೀನು’ ಬರುತ್ತದೆ. ಯಾರ ಬಗ್ಗೆಯೋ ಹೇಳುತ್ತಿದ್ದವನು ಸಟ್ಟನೆ ತಿರುಗಿ ಅವನೊಡನೆಯೇ ಮಾತಾಡುತ್ತಾನೆ. ಕನ್ನಡದಲ್ಲಿ ಈ ‘ನೀನು’ವಿನ ತೂಕ ನಮಗೆ ಚೆನ್ನಾಗಿ ಗೊತ್ತು. ಹಿರಿಯರಿಗೆಲ್ಲ ‘ನೀವು’ ಎನ್ನುವ ನಾವು ಅಮ್ಮನಿಗೆ ‘ನೀನು’ ಅನ್ನುತ್ತೇವೆ, ದೇವರಿಗೂ ‘ನೀನು’ ಅನ್ನುತ್ತೇವೆ.

ಕಣಿವೆ ಮುಗಿಯಿತು ಎಂದು ಆ ವಚನ ಹೇಳುವುದಿಲ್ಲ. ಕತ್ತಲೆ ಹರಿಯಿತು ಎಂದೂ ಇಲ್ಲ. ಕಣಿವೆ ಅಲ್ಲೇ ಇದೆ, ಭಯ ಮಾತ್ರ ಇಲ್ಲ. ಯಾಕೆಂದರೆ ಪಕ್ಕದಲ್ಲಿ ಒಬ್ಬನಿದ್ದಾನೆ, ಅವನ ಕೈಯಲ್ಲಿ ಮೃಗವನ್ನು ಬಡಿಯುವ ದೊಣ್ಣೆಯಿದೆ, ದಾರಿ ತೋರುವ ಕೋಲಿದೆ. ಕತ್ತಲಲ್ಲಿ ಕುರಿಗೆ ಅವನ ಮುಖ ಕಾಣದಿರಬಹುದು. ಕಲ್ಲಿಗೆ ಕೋಲು ತಾಗುವ ಸದ್ದು ಕೇಳುತ್ತಿರುತ್ತದೆ.

ಆ ರಾತ್ರಿ ನನಗೆ ಇದೊಂದೂ ಹೊಳೆಯಲಿಲ್ಲ. ಬೆಳಗ್ಗೆ ಆರಕ್ಕೆ ನರ್ಸ್ ಬಂದು ಇಬ್ಬರಿಗೂ ಹಸಿರು ಗೌನ್ ಕೊಟ್ಟು ಹೋದರು. ತಡೆಯಲಾರದೆ ಅಜ್ಜಿಯನ್ನು ಕೇಳಿದೆ, “ಅಜ್ಜಿ, ರಾತ್ರಿ ಹಾಡು ಅರ್ಧಕ್ಕೇ ನಿಲ್ಲಿಸ್ತಿದ್ರಲ್ಲ, ಮುಂದಿನದು ಮರೆತುಹೋಯ್ತಾ?”

“ಮುಂದಿಂದೂ ಬರ್ತೈತಪ್ಪ,” ಎಂದರು. “‘ನೀನು’ ಅನ್ನೋ ತನಾ ಹೋಗ್ತಿದ್ದೆ. ರಾತ್ರಿಗೆ ಅಷ್ಟು ಸಾಕಿತ್ತು.”

ಮೊದಲು ಅವರನ್ನೇ ಕರೆದೊಯ್ದರು. ಸ್ಟ್ರೆಚರ್ ಹೊರಡುವಾಗ ಅಜ್ಜಿ ಕೈ ಚಾಚಿ ಬೈಬಲನ್ನು ನನ್ನ ಕೈಗಿತ್ತು, “ಹಿಡ್ಕೊಂಡಿರು, ರಬ್ಬರ್ ಬಿಚ್ಚಬ್ಯಾಡ, ಹಾಳಿ ಉದುರ್ತಾವ” ಎಂದರು. ಅರ್ಧ ಗಂಟೆ ಕಳೆದು ಅಮ್ಮನನ್ನೂ ಕರೆದೊಯ್ದರು. ಎರಡು ಖಾಲಿ ಮಂಚಗಳ ನಡುವೆ ಕೂತೆ, ಕಾಲ ಬಳಿ ಇಬ್ಬರ ಚಪ್ಪಲಿ, ತೊಡೆಯ ಮೇಲೆ ಆ ಪುಸ್ತಕ. ರಬ್ಬರ್ ಬ್ಯಾಂಡ್ ಬಿಚ್ಚಲಿಲ್ಲ. ರಾತ್ರಿಯೆಲ್ಲ ಕೇಳಿದ್ದು ಬಾಯಿಗೆ ಬಂದುಬಿಟ್ಟಿತ್ತು, ನಾಲ್ಕನೆಯ ವಚನದವರೆಗೆ.