ಯಾವ ಊರಿನ ಮಣ್ಣು?

(ಮಣ್ಣಿನ ಚಿಕಿತ್ಸೆ ಕುರಿತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಮಣ್ಣು ಔಷಧವೇ ಎಂಬ ಪ್ರಶ್ನೆಯನ್ನು ನೀವು ನನ್ನ ಮುಂದಿಟ್ಟಿದ್ದೀರಿ. ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ಏನು, ಎಲ್ಲಿ, ಯಾರು, ಯಾವಾಗ ಎಂದು ಕೇಳುವುದು ನಮ್ಮ ಕಸುಬಿನ ಮೊದಲ ಪಾಠ. ಅದೇ ಪ್ರಶ್ನೆಗಳನ್ನು ಮಣ್ಣಿಗೂ ಕೇಳೋಣ.

ನಮ್ಮ ನಾಡಿನಲ್ಲಿ ಮಣ್ಣಿನ ಮದ್ದು ಹೊಸತೇನಲ್ಲ. ಕಣಜ ಕಚ್ಚಿದ ಜಾಗಕ್ಕೆ ಹಸಿ ಮಣ್ಣು ಮೆತ್ತುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಹುತ್ತದ ಮಣ್ಣಿಗೆ ಔಷಧದ ಗುಣವಿದೆ ಎಂಬ ನಂಬಿಕೆ ಬಲವಾದದ್ದು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮೂಲ ಮೃತ್ತಿಕೆಯೇ ಪ್ರಸಾದ. ಆಯುರ್ವೇದದ ‘ಗೈರಿಕ’ ಎಂದರೆ ನಮ್ಮ ಕಾವಿಮಣ್ಣೇ. ಅದನ್ನೂ ಶೋಧನೆ ಮಾಡದೆ ಬಳಸಬಾರದೆಂಬ ನಿಯಮವಿದೆ. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಸಂಸ್ಥೆಗಳಲ್ಲಿ ಮಣ್ಣಿನ ಚಿಕಿತ್ಸೆ ಪಠ್ಯದ ಭಾಗ. ಇನ್ನು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಪೊಟ್ಟಣ ಸಿಗದ ಅಂಗಡಿ ಯಾವುದಿದೆ?

ಮುಲ್ತಾನಿ ಎಂಬ ಹೆಸರನ್ನೇ ಗಮನಿಸಿ. ಅದು ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ನಗರದಿಂದ ಬಂದದ್ದು. ಕೆಯೊಲಿನ್ ಎಂಬ ಬಿಳಿ ಜೇಡಿಗೆ ಚೀನಾದ ಗಾವೊಲಿಂಗ್ ಎಂಬ ಜಾಗದ ಹೆಸರು. ಬೆಂಟೊನೈಟ್ ಅಮೆರಿಕದ ಫೋರ್ಟ್ ಬೆಂಟನ್ನಿನ ನೆನಪು. ಮಾಂಟ್‌ಮೊರಿಲೊನೈಟ್ ಫ್ರಾನ್ಸಿನ ಮಾಂಟ್‌ಮೊರಿಲೊನ್ ಊರಿನದು. ಒಂದೊಂದು ಮಣ್ಣಿಗೂ ಒಂದೊಂದು ಊರು. ಔಷಧದ ದೃಷ್ಟಿಯಿಂದ ಈ ಸಂಗತಿ ಬಹಳ ಮುಖ್ಯ ಎಂಬುದೇ ನನ್ನ ಇಂದಿನ ಮಾತಿನ ಸಾರ.

ಇದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಗ್ರೀಸಿನ ಲೆಮ್ನೋಸ್ ದ್ವೀಪದ ಕೆಂಪು ಮಣ್ಣು ಎರಡು ಸಾವಿರ ವರ್ಷಗಳ ಹಿಂದೆಯೇ ವಿಷಕ್ಕೆ, ಹುಣ್ಣಿಗೆ, ಆಮಶಂಕೆಗೆ ಮದ್ದೆಂದು ಹೆಸರಾಗಿತ್ತು. ಅದಕ್ಕೆ ಆಡಿನ ರಕ್ತ ಬೆರೆಸುತ್ತಾರೆಂಬ ವದಂತಿಯೂ ಇತ್ತು. ರೋಮ್ ಚಕ್ರವರ್ತಿಯ ವೈದ್ಯನಾಗಿದ್ದ ಗ್ಯಾಲೆನ್ ಇದನ್ನು ಕಣ್ಣಾರೆ ನೋಡಲೆಂದೇ ಕ್ರಿ.ಶ. 2ನೇ ಶತಮಾನದಲ್ಲಿ ಆ ದ್ವೀಪಕ್ಕೆ ಹೋದ. ಅಲ್ಲಿ ದೇವಾಲಯದ ಪೂಜಾರಿಣಿ ನೆಲಕ್ಕೆ ಗೋಧಿ, ಬಾರ್ಲಿ ಚೆಲ್ಲಿ, ಗಾಡಿ ತುಂಬ ಮಣ್ಣು ಒಯ್ದು, ನೀರಿನಲ್ಲಿ ಕಲಸಿ ತಿಳಿಗೊಳಿಸಿ, ನಯವಾದ ಜೇಡಿಯನ್ನಷ್ಟೇ ಬಿಲ್ಲೆ ಮಾಡಿ ಮುದ್ರೆ ಒತ್ತುತ್ತಿದ್ದಳು. ರಕ್ತದ ಬಗ್ಗೆ ಕೇಳಿದಾಗ ಅಲ್ಲಿನವರು ನಕ್ಕುಬಿಟ್ಟರಂತೆ. ಗ್ಯಾಲೆನ್ 20,000 ಬಿಲ್ಲೆಗಳನ್ನು ಕೊಂಡೊಯ್ದ ಎಂದು ಅವನೇ ಬರೆದಿದ್ದಾನೆ.

ಆ ಮುದ್ರೆಯ ಅರ್ಥ ಸ್ಪಷ್ಟ. ಇದು ಇಂಥ ಜಾಗದ್ದು, ಹೀಗೆ ತೊಳೆದದ್ದು, ಇಂಥವರು ಜವಾಬ್ದಾರರು ಎಂಬ ಭರವಸೆ. ಹೆಸರು ಬಂದಲ್ಲಿ ನಕಲಿಯೂ ಬರುತ್ತದೆ. 16ನೇ ಶತಮಾನದಲ್ಲಿ ಫ್ರಾನ್ಸಿನ ಪಿಯೇರ್ ಬೆಲೋನ್ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಿಚಾರಿಸಿದಾಗ ಹಲವು ಬಗೆಯ ಮುದ್ರೆಯ ಬಿಲ್ಲೆಗಳು ಕಂಡವು. ಅಸಲಿ ಯಾವುದೆಂದು ಹೇಳುವುದೇ ಕಷ್ಟವಾಗಿತ್ತು.

ಅದೇ ಶತಮಾನದಲ್ಲಿ ಯುರೋಪಿನಲ್ಲಿ ಬೇರೆ ಊರುಗಳ ಮಣ್ಣೂ ಮುದ್ರೆ ಒತ್ತಿಸಿಕೊಂಡು ಮಾರುಕಟ್ಟೆಗೆ ಬಂತು. 1581ರಲ್ಲಿ ಜರ್ಮನಿಯ ಹೋಹೆನ್‌ಲೋಹೆಯಲ್ಲಿ ಗಲ್ಲು ಶಿಕ್ಷೆಗೊಳಗಾದ ವೆಂಡೆಲ್ ಥುಂಬ್ಲಾರ್ಟ್ ಎಂಬ ಕಳ್ಳ, ‘ನನಗೆ ವಿಷ ಕೊಟ್ಟು ಆ ಮಣ್ಣನ್ನು ಪರೀಕ್ಷಿಸಿ’ ಎಂದು ಬೇಡಿಕೊಂಡ. ಪಾದರಸದ ಘೋರ ವಿಷವನ್ನು ಕೊಟ್ಟು, ಹಿಂದೆಯೇ ಮಣ್ಣನ್ನು ಕುಡಿಸಲಾಯಿತು. ತುಂಬ ನರಳಿದರೂ ಬದುಕಿದ, ಗಲ್ಲು ತಪ್ಪಿತು. ಒಬ್ಬ ಬದುಕಿದ್ದರಿಂದ ಮದ್ದು ಸಿದ್ಧವಾಯಿತೆಂದು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೂ ಮದ್ದನ್ನು ಪರೀಕ್ಷೆಗೆ ಒಡ್ಡಬೇಕೆಂಬ ಯೋಚನೆ ಅಲ್ಲಿತ್ತು.

ಜೇಡಿಮಣ್ಣು ವಿಷವನ್ನು ಹೀರುವುದು ಸಾಧ್ಯವೇ? ಸಾಧ್ಯ, ಕೆಲವು ವಿಷಗಳನ್ನು. ಜೇಡಿಯ ಕಣಗಳು ಮಿಲಿಮೀಟರಿನ ಸಾವಿರದ ಎರಡು ಪಾಲಿಗಿಂತ ಚಿಕ್ಕವು. ಅವು ಇಸ್ಪೀಟಿನ ಎಲೆಗಳಂತೆ ಪದರ ಪದರವಾಗಿರುತ್ತವೆ. ಪದರಗಳ ಒಳಮೈಯನ್ನೂ ಲೆಕ್ಕ ಹಿಡಿದರೆ ಒಂದು ಗ್ರಾಂ ಮಾಂಟ್‌ಮೊರಿಲೊನೈಟಿನ ಮೇಲ್ಮೈ 700 ಚದರ ಮೀಟರಿನ ಆಸುಪಾಸು. ಈ ಮೈಗೆ ಋಣ ವಿದ್ಯುದಂಶವಿರುವುದರಿಂದ ಧನ ವಿದ್ಯುದಂಶದ ವಸ್ತುಗಳು ಬಂದು ಅಂಟಿಕೊಳ್ಳುತ್ತವೆ. ಕಳೆನಾಶಕ ಪ್ಯಾರಾಕ್ವಾಟ್ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲ ಪುಡಿ ಅಥವಾ ಮುಲ್ತಾನಿಯ ಜಾತಿಯ ಫುಲ್ಲರ್ಸ್ ಅರ್ತ್ ಕುಡಿಸುವ ಪದ್ಧತಿ ಬಂದದ್ದು ಇದರಿಂದಲೇ. ತಡವಾದರೆ ಅದೂ ಉಪಯೋಗಕ್ಕೆ ಬಾರದು. ದನಕರುಗಳ, ಕೋಳಿಗಳ ಮೇವಿನಲ್ಲಿ ಬೂಷ್ಟಿನ ವಿಷ ಹೀರಲೆಂದು ಬೆಂಟೊನೈಟ್ ಬೆರೆಸುವುದೂ ಉಂಟು.

ಇಲ್ಲಿಯೇ ತೊಡಕೂ ಇದೆ. ಹೀರುವ ಗುಣಕ್ಕೆ ವಿವೇಕವಿಲ್ಲ. ವಿಷವನ್ನು ಹಿಡಿಯುವ ಮಣ್ಣು ನೀವು ನುಂಗಿದ ಮಾತ್ರೆಯನ್ನೂ, ಊಟದಲ್ಲಿನ ಕಬ್ಬಿಣದ ಅಂಶವನ್ನೂ ಹಿಡಿಯಬಲ್ಲದು. ಮೇಲಾಗಿ, ನೆಲದಲ್ಲಿದ್ದಾಗಲೇ ಸೀಸ, ಆರ್ಸೆನಿಕ್ ಮುಂತಾದವನ್ನು ಸೇರಿಸಿಕೊಂಡಿರಬಹುದು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಬೆಂಟೊನೈಟ್ ಪುಡಿಯೊಂದರಲ್ಲಿ ಸೀಸ ಹೆಚ್ಚಾಗಿದೆಯೆಂದು ಜನರನ್ನು ಎಚ್ಚರಿಸಿತು. ಫ್ರಾನ್ಸಿನಲ್ಲಿ ಭೇದಿಗೆ ಜೇಡಿಯ ಔಷಧ ದಶಕಗಳಿಂದ ರೂಢಿಯಲ್ಲಿತ್ತು. ಸೀಸದ ಶಂಕೆಯಿಂದ 2019ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ 2 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದೆಂದಿತು. ಮಕ್ಕಳ ಮಿದುಳಿಗೆ ಸೀಸ ಅಲ್ಪ ಪ್ರಮಾಣದಲ್ಲೂ ಕೆಡುಕು.

ಭೇದಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೆಯೊಲಿನ್ ಮಿಶ್ರಣ ಒಂದು ಕಾಲದಲ್ಲಿ ಮನೆಮನೆಯ ಭೇದಿ ಔಷಧವಾಗಿತ್ತು. ಅದರಿಂದ ಮಲ ಗಟ್ಟಿಯಾದಂತೆ ಕಾಣುತ್ತದೆ. ದೇಹದಿಂದ ನೀರು, ಉಪ್ಪು ಹೋಗುವುದು ಹೋಗುತ್ತಲೇ ಇರುತ್ತದೆ. ಮಗುವಿನ ಪ್ರಾಣ ಹೋಗುವುದು ಆ ನೀರಿನ ನಷ್ಟದಿಂದ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ ಉಪ್ಪಿನ ದ್ರಾವಣದಿಂದ ಕಾಲರಾ ರೋಗಿಗಳನ್ನು ಉಳಿಸಿ ತೋರಿಸಿದರು. ಭೇದಿಯಾದ ಮಗುವಿಗೆ ಮೊದಲು ಬೇಕಾದದ್ದು ಇಂದಿಗೂ ಅದೇ.

ಮಣ್ಣಿನ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಹೊಸ ಗೌರವ ತಂದವರು ಗಾಂಧೀಜಿ. ಜರ್ಮನಿಯ ಅಡಾಲ್ಫ್ ಜಸ್ಟ್ 1896ರಲ್ಲಿ ಪ್ರಕಟಿಸಿದ ‘ಪ್ರಕೃತಿಗೆ ಮರಳಿ’ ಎಂಬ ಅರ್ಥದ ಪುಸ್ತಕ ಓದಿ, ಅವರು ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಹಾಕಿಕೊಳ್ಳತೊಡಗಿದರು. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ ಅವರು ಎಂಥ ಮಣ್ಣು ಬೇಕೆಂಬುದನ್ನೂ ತಿಳಿಸಿದ್ದಾರೆ. ಗೊಬ್ಬರ ಹಾಕಿದ ಹೊಲದ್ದು ಬೇಡ. ನಯವಾಗಿರಬೇಕು, ಜರಡಿ ಹಿಡಿಯಬೇಕು, ಅನುಮಾನವಿದ್ದರೆ ಕಾಯಿಸಬೇಕು. ಮಲಬದ್ಧತೆಗೆ ಮಣ್ಣು ತಿನ್ನಬೇಕೆಂಬ ಜಸ್ಟ್ ಅವರ ಸಲಹೆಯನ್ನು ಹೇಳುವಾಗ, ತಾವು ಅದನ್ನು ಮಾಡಿ ನೋಡಿಲ್ಲ, ಮಾಡುವವರು ತಮ್ಮ ಜವಾಬ್ದಾರಿಯ ಮೇಲೆ ಮಾಡಬೇಕು ಎನ್ನುತ್ತಾರೆ. ಒಂದೆರಡು ಸಲ ತಿಂದರೆ ಕೇಡಾಗಲಾರದು ಎಂಬ ಅನಿಸಿಕೆಯೂ ಅವರಿಗಿತ್ತು. ಸೀಸದ ವಿಚಾರ ತಿಳಿದ ನಾವು ಇಂದು ಅಷ್ಟನ್ನೂ ಒಪ್ಪಬೇಕಾಗಿಲ್ಲ. ಆದರೆ ಅನುಭವಿಸಿ ಕಂಡದ್ದನ್ನು ಕೇಳಿದ್ದರಿಂದ ಬೇರ್ಪಡಿಸುವ ಅವರ ಕ್ರಮ ಇಂದಿನ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಯಾವ ಊರಿನ ಮಣ್ಣು ಎಂಬ ಪ್ರಶ್ನೆಗೆ ಇತ್ತೀಚಿನ ಉದಾಹರಣೆಯೊಂದಿದೆ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಬುರುಲಿ ಎಂಬ, ಚರ್ಮವನ್ನು ತಿನ್ನುವ ಹುಣ್ಣಿಗೆ ಲೀನ್ ಬ್ರೂನೆ ದ ಕೂರ್ಸೂ ಎಂಬ ಫ್ರೆಂಚ್ ಮಹಿಳೆ ತಮ್ಮ ದೇಶದ ಹಸಿರು ಜೇಡಿಯನ್ನು ಹಚ್ಚಿ ಉಪಚರಿಸಿದರು. ಗುಣವಾದುದನ್ನು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಂದಿಟ್ಟರು. ಅಮೆರಿಕದ ಅರಿಜೋನದ ಲಿಂಡಾ ವಿಲಿಯಮ್ಸ್ ಮತ್ತು ಶೆಲ್ಲಿ ಹೇಡಲ್ ಅಂಥ ಎರಡು ಫ್ರೆಂಚ್ ಜೇಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಎರಡರ ಖನಿಜಗಳೂ ಹೆಚ್ಚುಕಡಿಮೆ ಒಂದೇ. ಒಂದು ಜೇಡಿ ರೋಗಾಣುಗಳನ್ನು ಕೊಂದಿತು. ಇನ್ನೊಂದರಲ್ಲಿ ರೋಗಾಣುಗಳು ಇನ್ನಷ್ಟು ಬೆಳೆದವು! ಕೊಲ್ಲುವ ಗುಣಕ್ಕೆ ಜೇಡಿಯಿಂದ ಕರಗಿ ಬರುವ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಕಾರಣವಿರಬೇಕೆಂದು ಮುಂದಿನ ಸಂಶೋಧನೆಗಳು ಸೂಚಿಸಿವೆ. ಅಂಗೈಯಲ್ಲಿ ಹಿಡಿದು ಈ ವ್ಯತ್ಯಾಸ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

ಹಾಗಾಗಿ ತೆರೆದ ಗಾಯಕ್ಕೆ ಸಿಕ್ಕ ಮಣ್ಣು ಮೆತ್ತುವುದು ಅಪಾಯ. ಧನುರ್ವಾಯುವಿನ ರೋಗಾಣು ವಾಸವಾಗಿರುವುದೇ ಮಣ್ಣಿನಲ್ಲಿ. ಅದರ ಬೀಜಕಣಗಳು ಸುಮ್ಮನೆ ಕುದಿಸಿದರೆ ಸಾಯುವುದಿಲ್ಲ. ಹೊಕ್ಕುಳಬಳ್ಳಿಗೆ ಮಣ್ಣು, ಸಗಣಿ ಹಚ್ಚುವ ರೂಢಿಯಿಂದ ಸತ್ತ ಹಸುಗೂಸುಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟು. ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಯಿಂದಾಗಿ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು ಘೋಷಿಸಲಾಯಿತು. ಕಷ್ಟಪಟ್ಟು ಗಳಿಸಿದ್ದನ್ನು ಕಳೆದುಕೊಳ್ಳಬಾರದು.

ಬಸುರಿಯರು ಮಣ್ಣು ತಿನ್ನುವ ವಿಚಾರವನ್ನೂ ಹೇಳಲೇಬೇಕು. ಒಲೆಯ ಮಣ್ಣು, ಕೆಮ್ಮಣ್ಣು, ಬಳಪ ತಿನ್ನುವುದನ್ನು ನಾವು ‘ಬಯಕೆ’ ಎಂದು ನಕ್ಕು ಸುಮ್ಮನಾಗುತ್ತೇವೆ. ಮಣ್ಣು ತಿಂದ ಬಾಲಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡವನ್ನೇ ಕಂಡಳಂತೆ. ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ಕಾಣಬೇಕಾದದ್ದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆಯಿದೆ. ಮಣ್ಣಿನ ಆಸೆ ಅನೇಕ ಸಲ ಅದರ ಲಕ್ಷಣ. ತಿಂದ ಮಣ್ಣು ಕಬ್ಬಿಣವನ್ನು ತಡೆದು ಅದನ್ನು ಇನ್ನೂ ಹೆಚ್ಚಿಸಬಹುದು; ಜಂತುಹುಳುವಿನ ಮೊಟ್ಟೆಗಳೂ ಜೊತೆಗೆ ಹೋಗಬಹುದು. ಇಂಥವರನ್ನು ಗದರಿಸಿ ಪ್ರಯೋಜನವಿಲ್ಲ. ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಮಣ್ಣನ್ನು ಬಿಟ್ಟುಬಿಡಬೇಕೆ? ಹಾಗೇನಿಲ್ಲ. ಗಾಯವಿಲ್ಲದ ಚರ್ಮದ ಮೇಲೆ ಶುದ್ಧವಾದ ಮಣ್ಣಿನ ಪಟ್ಟಿ ತಂಪು ಕೊಡುತ್ತದೆ, ಮುಲ್ತಾನಿ ಎಣ್ಣೆಯ ಜಿಡ್ಡು ತೆಗೆಯುತ್ತದೆ. ಅಷ್ಟಕ್ಕೆ ಯಾರ ಅಡ್ಡಿಯೂ ಇಲ್ಲ. ‘ದೇಹದ ವಿಷವನ್ನೆಲ್ಲ ತೆಗೆಯುತ್ತದೆ, ದಿನಾ ಒಂದು ಚಮಚ ಕುಡಿಯಿರಿ’ ಎಂದು ಪೊಟ್ಟಣದ ಮೇಲೆ ಕಂಡಾಗ ಮಾತ್ರ ನಿಂತು ಕೇಳಿ. ಇದು ಯಾವ ಊರಿನ ಮಣ್ಣು? ಇದರಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷಿಸಿದವರು ಯಾರು? ಯಾವ ಕಾಯಿಲೆಗೆ, ಎಷ್ಟು ದಿನ? ಲೆಮ್ನೋಸಿನ ಪೂಜಾರಿಣಿ ತನ್ನ ಮಣ್ಣಿಗೆ ಊರಿನ ಗುರುತನ್ನಾದರೂ ಒತ್ತುತ್ತಿದ್ದಳು. ಅಷ್ಟೂ ಹೇಳಲಾರದ ಪೊಟ್ಟಣವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.