ಸಲೀಮ್ ಅಲಿ: ಪಟ್ಟಿಯೊಳಗಿನ ಹೆಸರಲ್ಲ, ಕಲಿಸಿದ ಗುರು

(ಸಲೀಮ್ ಅಲಿಯವರ ಜನ್ಮದಿನದಂದು ಹೆತ್ತವರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನವೆಂಬರ್ 12. 1896ರಲ್ಲಿ ಇದೇ ದಿನ ಮುಂಬಯಿಯಲ್ಲಿ ಸಲೀಮ್ ಅಲಿಯವರು ಜನಿಸಿದರು. 1987ರ ಜೂನ್ 20ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ನಿಧನರಾದರು. ಅವರು ಅಗಲಿ ದಶಕಗಳೇ ಸಂದಿವೆ. ಆದರೂ ಈ ದೇಶದ ಯಾವುದೇ ಕೆರೆಯ ದಂಡೆಯಲ್ಲಿ ಯಾರಾದರೂ ದುರ್ಬೀನು ಹಿಡಿದು ಒಂದು ಹಕ್ಕಿಯ ಹೆಸರನ್ನು ಖಚಿತವಾಗಿ ಹೇಳಿದರೆ, ಆ ಮಾತಿನ ಹಿಂದೆ ಎಲ್ಲೋ ಒಂದು ಕಡೆ ಸಲೀಮ್ ಅಲಿಯವರ ಪಾಠವಿರುತ್ತದೆ. ಅವರನ್ನು ನೋಡದವರೂ ಅವರ ಶಿಷ್ಯರೇ.

ದೇಶಕ್ಕೆ ಮುಸ್ಲಿಮರು ಕೊಟ್ಟ ಕೊಡುಗೆಯೇನು ಎಂಬ ಪ್ರಶ್ನೆ ಎದುರಾದಾಗಲೆಲ್ಲ ನಾವು ಒಂದು ಪಟ್ಟಿಯನ್ನು ಮುಂದಿಡುತ್ತೇವೆ. ಅಬ್ದುಲ್ ಕಲಾಮ್, ಬಿಸ್ಮಿಲ್ಲಾ ಖಾನ್, ಸಲೀಮ್ ಅಲಿ. ಪ್ರಶ್ನಿಸಿದವರ ಬಾಯಿ ಮುಚ್ಚಿಸಲು ಆ ಹೆಸರುಗಳು ಸಾಕಾಗಬಹುದು. ಆದರೆ ಬಂಧುಗಳೇ, ವಾದಕ್ಕೆ ಸಾಕ್ಷಿಯಾಗಿ ಕರೆತಂದ ವ್ಯಕ್ತಿಯನ್ನು ವಾದ ಮುಗಿದೊಡನೆ ಮರಳಿ ಕಪಾಟಿನಲ್ಲಿ ಇಟ್ಟುಬಿಡುವುದು ಅವರಿಗೆ ತೋರುವ ಗೌರವವೇ? ಅವರು ಏನು ಮಾಡಿದರು, ಹೇಗೆ ಮಾಡಿದರು, ಅವರಂತಹ ಒಬ್ಬ ಹುಡುಗ ಇಂದು ನಮ್ಮ ಮನೆಯಲ್ಲಿ ಹುಟ್ಟಿದರೆ ನಾವು ಅವನನ್ನು ಏನು ಮಾಡುತ್ತೇವೆ? ಇಂದು ನಾವು ಚರ್ಚಿಸಬೇಕಾದ ವಿಷಯ ಇದು.

ಸಲೀಮ್ ಅಲಿ ಯತೀಮರಾಗಿದ್ದರು. ಒಂದು ವರ್ಷದವರಿದ್ದಾಗ ತಂದೆಯನ್ನೂ ಮೂರು ವರ್ಷದವರಿದ್ದಾಗ ತಾಯಿಯನ್ನೂ ಕಳೆದುಕೊಂಡರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಮ್ ಅವರನ್ನು ಸಾಕಿದರು. ಬಾಲಕನಿಗೆ ಬೇಟೆಯ ಹುಚ್ಚು. ಒಂದು ದಿನ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಬೇರೆ ಬಗೆಯ ಹಕ್ಕಿಯಾಗಿದ್ದರೆ ಮುಸ್ಲಿಮರು ತಿನ್ನಬಹುದೇ ಎಂಬ ಸಂಶಯ ಹುಟ್ಟಿ, ಅದನ್ನು ಮಾವನ ಬಳಿ ಒಯ್ದ. ಮಾವನಿಗೂ ಉತ್ತರ ತಿಳಿದಿರಲಿಲ್ಲ. ಅವರು ಹುಡುಗನನ್ನು ಗದರಲಿಲ್ಲ, ಓದಿಗೆ ಕುಳಿತುಕೋ ಎನ್ನಲಿಲ್ಲ. ಒಂದು ಪತ್ರ ಬರೆದುಕೊಟ್ಟು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರ ಬಳಿ ಕಳುಹಿಸಿದರು. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ ಅಲ್ಲಿ ಸಂಗ್ರಹಿಸಿಟ್ಟಿದ್ದ ಪಕ್ಷಿಗಳ ಮಾದರಿಗಳನ್ನು ಒಂದೊಂದಾಗಿ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ತಿನ್ನುವ ವಸ್ತುವಿನ ಕುರಿತಾದ ಒಂದು ಸಣ್ಣ ಪ್ರಶ್ನೆ ಒಬ್ಬ ವಿಜ್ಞಾನಿಯ ಬದುಕಿಗೆ ಬಾಗಿಲಾಯಿತು.

ಹೆತ್ತವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಮಾವ ಪಕ್ಷಿವಿಜ್ಞಾನಿಯಾಗಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ, ಗೊತ್ತಿರುವವರ ಬಾಗಿಲಿಗೆ ಮಗುವನ್ನು ಕಳುಹಿಸಿದ್ದು. ಇದಕ್ಕೆ ಶ್ರೀಮಂತಿಕೆ ಬೇಕಿಲ್ಲ, ಪದವಿಯೂ ಬೇಕಿಲ್ಲ.

ಸಲೀಮ್ ಅಲಿ ತರಗತಿಯ ಮೊದಲ ಸಾಲಿನ ವಿದ್ಯಾರ್ಥಿಯೂ ಆಗಿರಲಿಲ್ಲ. ಮೆಟ್ರಿಕ್ ಪರೀಕ್ಷೆಯನ್ನು 1913ರಲ್ಲಿ ಹೇಗೋ ದಾಟಿದರು. ಕಾಲೇಜಿನ ಮೊದಲ ವರ್ಷವೇ ಕಷ್ಟವಾಗಿ, ಬರ್ಮಾದ ತವಾಯ್ ಎಂಬಲ್ಲಿ ಕುಟುಂಬದವರು ನಡೆಸುತ್ತಿದ್ದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. ವ್ಯಾಪಾರದಲ್ಲಿ ಯಶಸ್ಸು ಸಿಗಲಿಲ್ಲ. ಅಲ್ಲಿನ ಕಾಡು ಮಾತ್ರ ಅವರನ್ನು ಬಿಡಲಿಲ್ಲ. ಮರಳಿ ಬಂದು ವಾಣಿಜ್ಯ ಕಾನೂನು, ಲೆಕ್ಕಪತ್ರ ಕಲಿಯುತ್ತಲೇ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಅಭ್ಯಸಿಸಿದರು. ಸೂಕ್ತ ಪದವಿಯಿಲ್ಲವೆಂಬ ಕಾರಣಕ್ಕೆ ಸರಕಾರಿ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಹುದ್ದೆ ಕೈತಪ್ಪಿತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಿಸಿ ಹೇಳುವ ಉಪನ್ಯಾಸಕನ ಕೆಲಸ ದೊರೆಯಿತು. ಅಷ್ಟಕ್ಕೆ ತೃಪ್ತರಾಗದೆ ಜರ್ಮನಿಗೆ ತೆರಳಿ, ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೇಸಮಾನ್ ಎಂಬ ಖ್ಯಾತ ಪಕ್ಷಿವಿಜ್ಞಾನಿಯ ಬಳಿ ಕಲಿತರು. 1930ರಲ್ಲಿ ಊರಿಗೆ ಬಂದಾಗ ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದುಗೊಳಿಸಲಾಗಿತ್ತು.

ಮೂವತ್ತು ದಾಟಿದ ವಯಸ್ಸು, ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಪತ್ನಿ. ನಮ್ಮ ಪೇಟೆಗಳಲ್ಲಿ ಅಂಥವರ ಬಗ್ಗೆ ನೆಂಟರು ಏನು ಮಾತನಾಡುತ್ತಾರೆಂದು ವಿವರಿಸಬೇಕಿಲ್ಲ. ಆದರೆ ಪತ್ನಿ ತೆಹಮೀನಾ ಬೇಗಮ್ ಜೊತೆ ನಿಂತರು. ದಂಪತಿಗಳು ಅಲಿಬಾಗ್ ಸಮೀಪದ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿನ ಮರಗಳಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸ ಕಳೆದುಕೊಂಡ ಆ ವ್ಯಕ್ತಿ ದಿನವಿಡೀ ಅವುಗಳನ್ನು ನೋಡುತ್ತಾ ಕುಳಿತರು, ಕಂಡದ್ದನ್ನು ಬರೆದಿಟ್ಟರು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ; ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿಗೊಳಿಸುತ್ತದೆ; ಬಳಿಕ ಮತ್ತೊಂದು ಗೂಡಿಗೆ ತೊಡಗುತ್ತದೆ. ಕವಿಗಳೂ ರೈತರೂ ತಲೆಮಾರುಗಳಿಂದ ನೋಡುತ್ತಾ ಬಂದ ಹಕ್ಕಿಯ ಬದುಕು ಅಷ್ಟು ಕ್ರಮಬದ್ಧವಾಗಿ ಬರಹಕ್ಕಿಳಿದದ್ದು ಆ ತಾಳ್ಮೆಯಿಂದ. ಅವರಿಗೆ ಹೆಸರು ತಂದುಕೊಟ್ಟದ್ದು ನಿರುದ್ಯೋಗದ ಆ ದಿನಗಳೇ.

ಅನಂತರ ಸಂಸ್ಥಾನದಿಂದ ಸಂಸ್ಥಾನಕ್ಕೆ ಅವರ ಅಲೆದಾಟ ಆರಂಭವಾಯಿತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ, ಗ್ವಾಲಿಯರ್, ಭೋಪಾಲ್. ಶಿಬಿರದ ಕಷ್ಟಗಳಲ್ಲಿ ತೆಹಮೀನಾ ಬೇಗಮ್ ಸಂಗಾತಿಯಾಗಿದ್ದರು. 1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಮ್ ಅಲಿ ಮರುಮದುವೆಯಾಗಲಿಲ್ಲ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಅವರು ನಮ್ಮ ನಾಡಿಗೆ ಬಂದದ್ದು 1939–40ರಲ್ಲಿ. ಅಂದರೆ ಆ ದುಃಖ ಹಸಿಯಾಗಿದ್ದಾಗಲೇ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಈ ಸ್ಥಳವನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರನ್ನು ಒತ್ತಾಯಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ರಜೆಯಲ್ಲಿ ಮಕ್ಕಳೊಂದಿಗೆ ಅಲ್ಲಿ ದೋಣಿ ಹತ್ತುವ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿಗೆ ಈ ಋಣದ ಅರಿವಿದೆ?

ಪಕ್ಷಿಗಳಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ನಮ್ಮದೇ ನಾಡಿನ ಇನ್ನೊಂದು ಘಟನೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರೂ ಜ್ವರದಿಂದ ಸತ್ತರು. ಇಂದಿಗೂ ಮಲೆನಾಡನ್ನು ಕಾಡುವ ಮಂಗನ ಕಾಯಿಲೆ ಅದು. ಆ ರೋಗಾಣು ರಷ್ಯಾದಲ್ಲಿ ಕಂಡುಬಂದಿದ್ದ ರೋಗಾಣುವನ್ನು ಹೋಲುತ್ತಿದ್ದುದರಿಂದ, ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಅದನ್ನು ತಂದಿರಬೇಕೆಂಬ ಸಂಶಯ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸಲೀಮ್ ಅಲಿಯವರ ನೇತೃತ್ವದಲ್ಲಿ 1959ರಿಂದ ಹಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಉಂಗುರ ತೊಡಿಸಿ ಹಾರಿಬಿಡುವ ದೊಡ್ಡ ಕಾರ್ಯ ನಡೆಯಿತು. ರೋಗವನ್ನು ಹರಡುವುದು ಕಾಡಿನ ಉಣುಗುಗಳೆಂದು ಸ್ಪಷ್ಟವಾಯಿತು. ದೂರದಿಂದ ಬಂದ ಹಕ್ಕಿಗಳ ಮೇಲಿನ ಆರೋಪಕ್ಕೆ ಪುರಾವೆ ಸಿಗಲಿಲ್ಲ. ಆದರೆ ಆ ಉಂಗುರಗಳಿಂದ ಭಾರತಕ್ಕೆ ಬರುವ ಹಕ್ಕಿಗಳ ವಲಸೆಯ ದಾರಿಗಳು ತಿಳಿದವು.

ಇದರಲ್ಲಿ ನಮಗೆ ಪಾಠವಿದೆ. ಕೇಡು ಸಂಭವಿಸಿದಾಗ ಹೊರಗಿನವರೆನಿಸಿದವರ ಮೇಲೆ ಸಂಶಯ ಪಡುವುದು ಎಲ್ಲ ಕಾಲದಲ್ಲೂ ಸುಲಭ. ಅದರ ಬಿಸಿ ಎಂಥದ್ದೆಂದು ನಮ್ಮ ಸಮುದಾಯಕ್ಕೆ ಯಾರೂ ಕಲಿಸಬೇಕಾಗಿಲ್ಲ. ಹಾಗಿದ್ದ ಮೇಲೆ ಪುರಾವೆಯಿಲ್ಲದೆ ಏನನ್ನೂ ನಂಬದಿರುವ ಶಿಸ್ತು ಎಲ್ಲರಿಗಿಂತ ಮೊದಲು ನಮ್ಮ ಮನೆಗಳಲ್ಲಿ ಬೆಳೆಯಬೇಕಲ್ಲವೇ? ಮೊಬೈಲಿಗೆ ಬಂದ ಸುದ್ದಿಯನ್ನು ಪರಿಶೀಲಿಸದೆ ಹತ್ತು ಮಂದಿಗೆ ದಾಟಿಸುವ ಯುವಕನಿಗೆ, ಒಂದು ಹಕ್ಕಿಯ ಹೆಸರು ಬರೆಯುವ ಮುನ್ನ ಅದರ ಕೊಕ್ಕು, ರೆಕ್ಕೆ, ಕೂಗು ಎಲ್ಲವನ್ನೂ ಪರೀಕ್ಷಿಸುತ್ತಿದ್ದ ಈ ವೃದ್ಧರು ದೊಡ್ಡ ಗುರು.

ಗುರುವೆಂದ ಮಾತ್ರಕ್ಕೆ ಅವರನ್ನು ದೋಷವಿಲ್ಲದವರೆಂದು ಬಿಂಬಿಸಬೇಕಿಲ್ಲ. ಅಧ್ಯಯನಕ್ಕಾಗಿ ಅವರು ಹಕ್ಕಿಗಳನ್ನು ಕೋವಿಯಿಂದ ಹೊಡೆದು ಸಂಗ್ರಹಿಸಿದವರು. ಅದನ್ನು ಅವರೆಂದೂ ಮುಚ್ಚಿಡಲಿಲ್ಲ. ಇನ್ನೂ ಗಂಭೀರವಾದ ಒಂದು ಸಂಗತಿಯಿದೆ. ರಾಜಸ್ಥಾನದ ಭರತಪುರದ ಪ್ರಸಿದ್ಧ ಪಕ್ಷಿಧಾಮದಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಬೇಕೆಂಬ ನಿಲುವು ಅವರದಾಗಿತ್ತು. 1982ರಲ್ಲಿ ನಿಷೇಧ ಜಾರಿಗೆ ಬಂತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ಎಮ್ಮೆಗಳು ಹೋದ ಮೇಲೆ ಹುಲ್ಲು ಬೆಳೆದು ನೀರನ್ನೇ ಮುಚ್ಚತೊಡಗಿತು. ನೀರುಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಮೇಯುವ ಎಮ್ಮೆಗಳು ಆ ಕೆರೆಗೆ ಉಪಕಾರಿಯಾಗಿದ್ದವೆಂದು ದೀರ್ಘ ಅಧ್ಯಯನವೊಂದು ತೋರಿಸಿತು. ಆ ಅಧ್ಯಯನ ನಡೆಸಿದವರು ಯಾರು? ಸಲೀಮ್ ಅಲಿಯವರೇ ಕಟ್ಟಿ ಬೆಳೆಸಿದ ಮುಂಬಯಿಯ ಅದೇ ಸಂಸ್ಥೆಯ ವಿಜ್ಞಾನಿಗಳು.

ಬಡವರ ಎಮ್ಮೆಯನ್ನು ಕೇಳದೆ ಕಾಡನ್ನು ಕಾಯಲಾಗದು ಎಂಬುದು ಇದರ ಒಂದು ಪಾಠ. ಗುರುವಿನ ಅಭಿಪ್ರಾಯಕ್ಕಿಂತ ಗುರು ಕಲಿಸಿದ ವಿಧಾನ ದೊಡ್ಡದು ಎಂಬುದು ಇನ್ನೊಂದು. ಕಂಡದ್ದನ್ನು ಕಂಡಂತೆ ಬರೆಯಿರಿ ಎಂಬ ಶಿಸ್ತನ್ನು ಅವರು ಶಿಷ್ಯರಲ್ಲಿ ಬೇರೂರಿಸಿದ್ದರು. ಆ ಶಿಸ್ತು ಅವರನ್ನೇ ತಿದ್ದಿತು. ಶಿಷ್ಯರು ತನ್ನನ್ನು ತಿದ್ದಬಲ್ಲಂತೆ ಬೆಳೆಸಿದವನೇ ನಿಜವಾದ ಶಿಕ್ಷಕ. ಪ್ರಶ್ನೆ ಕೇಳಿದ ಮಗುವನ್ನು ಉದ್ಧಟನೆಂದು ಕರೆಯುವ ನಮ್ಮ ಶಾಲೆಗಳು, ಮದ್ರಸಗಳು ಮತ್ತು ಮನೆಗಳು ಇದನ್ನು ಗಮನಿಸಬೇಕಾಗಿದೆ.

ಅವರು ಕಲಿಸಿದ್ದು ಗೋಡೆಗಳ ನಡುವೆಯಲ್ಲ. 1941ರಲ್ಲಿ ಪ್ರಕಟವಾದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯರ ಕೈಗೆ ಪಕ್ಷಿಲೋಕವನ್ನು ತಲುಪಿಸಿತು. ಅಮೆರಿಕದ ಡಿಲನ್ ರಿಪ್ಲಿಯವರ ಜೊತೆ ಸಿದ್ಧಪಡಿಸಿದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿ 1968ರಿಂದ 1974ರ ನಡುವೆ ಹತ್ತು ಸಂಪುಟಗಳಲ್ಲಿ ಹೊರಬಂತು. ಅದು ಮುಗಿದಾಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ಐವತ್ತು ದಾಟಿದ ಮೇಲೆ, 1950ರಲ್ಲಿ, ಸ್ವೀಡನ್ನಿನ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ಯುರೋಪಿನ ರಸ್ತೆಗಳಲ್ಲಿ ತಮ್ಮದೇ ಮೋಟರ್ ಸೈಕಲ್ ಓಡಿಸಿಕೊಂಡು ಹೋದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮಕರಣ ಅವರನ್ನು ಹುಡುಕಿಕೊಂಡು ಬಂದವು. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ 50,000 ಡಾಲರ್ ಬಂದಾಗ ಅದರಿಂದ ಪ್ರಕೃತಿ ಸಂರಕ್ಷಣೆಗಾಗಿ ಒಂದು ನಿಧಿಯನ್ನು ಸ್ಥಾಪಿಸಿದರು.

ಇದು ಗಂಡಸರ ಕ್ಷೇತ್ರವೆಂದು ಯಾರೂ ಭಾವಿಸಬಾರದು. ಜಮಾಲ್ ಆರಾ ಎಂಬ ಮಹಿಳೆ ಇಂದಿನ ಜಾರ್ಖಂಡಿನ ಕಾಡುಗಳಲ್ಲಿ ಹಕ್ಕಿಗಳನ್ನು ಅಭ್ಯಸಿಸಿ, ಸಲೀಮ್ ಅಲಿಯವರ ಸಂಸ್ಥೆಯ ಪತ್ರಿಕೆಗೆ ಲೇಖನಗಳನ್ನು ಬರೆದರು. 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಅವರಿಂದ ಮಕ್ಕಳಿಗಾಗಿ ಪಕ್ಷಿವೀಕ್ಷಣೆಯ ಪುಸ್ತಕವನ್ನು ಬರೆಸಿ ಪ್ರಕಟಿಸಿತು. ನಮ್ಮ ಹೆಣ್ಣುಮಕ್ಕಳು ಅವರ ಹೆಸರನ್ನಾದರೂ ಕೇಳಿದ್ದಾರೆಯೇ?

ಬಂಧುಗಳೇ, ಪ್ರವಾದಿ ಸುಲೈಮಾನರ ಹುದ್‌ಹುದ್ ಹಕ್ಕಿಯ ಕಥೆ ನಮ್ಮ ಪ್ರತಿ ಮಗುವಿಗೂ ಗೊತ್ತು. ಅದೇ ಹಕ್ಕಿ, ಕನ್ನಡದಲ್ಲಿ ಚಂದ್ರಮುಕುಟವೆಂದು ಕರೆಯುವ ಆ ಕಿರೀಟದ ಹಕ್ಕಿ, ಊರ ಹೊರಗಿನ ಬಯಲಿನಲ್ಲಿ ಹುಳು ಹೆಕ್ಕುತ್ತಿದ್ದರೆ ಗುರುತಿಸುವ ಮಕ್ಕಳು ಎಷ್ಟಿದ್ದಾರೆ? ವೈದ್ಯ ಅಥವಾ ಇಂಜಿನಿಯರ್, ಇಲ್ಲವೇ ಗಲ್ಫ್ ಎಂಬ ಮೂರೇ ದಾರಿಗಳನ್ನು ತೋರಿಸಿ, ಉಳಿದ ಭೂಮಿಯನ್ನೆಲ್ಲ ನಾವು ಅವರ ಕಣ್ಣಿಂದ ಮರೆಮಾಡುತ್ತಿಲ್ಲವೇ? ಹೊಟ್ಟೆಪಾಡು ಮುಖ್ಯವೇ. ಆದರೆ ಪ್ರತಿಯೊಂದು ಮಗುವೂ ವೈದ್ಯನಾಗುವುದಿಲ್ಲ. ಆಗದ ಮಗು ವ್ಯರ್ಥವೆಂಬ ತೀರ್ಪು ಕೊಡುವ ಅಧಿಕಾರ ನಮಗಿಲ್ಲ.

ಆದ್ದರಿಂದ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವುದರ ಬದಲು ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಳ್ಳೋಣ. ವಾರಕ್ಕೊಂದು ದಿನ, ಫಜ್ರ್ ನಮಾಝಿನ ಬಳಿಕ, ಮತ್ತೆ ಮಲಗುವ ಬದಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳನ್ನು ಕರೆದುಕೊಂಡು ಹತ್ತಿರದ ಕೆರೆಗೋ ಗದ್ದೆಗೋ ಕಡಲತೀರಕ್ಕೋ ಹೋಗೋಣ. ಹಕ್ಕಿಗಳು ಹೆಚ್ಚು ಚುರುಕಾಗಿರುವುದೂ ಅದೇ ಹೊತ್ತಿನಲ್ಲಿ. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ದಿನಾಂಕ, ಸ್ಥಳ, ಕಂಡ ಹಕ್ಕಿ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಮಗುವೇ ಬರೆಯಲಿ. ನಮಗೆ ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ, ಗೊತ್ತಿರುವವರನ್ನು ಹುಡುಕೋಣ. ಹುಡುಕುವಾಗ ಅವರ ಜಾತಿ, ಧರ್ಮ ಕೇಳುವುದು ಬೇಡ. ಒಬ್ಬ ಯತೀಮ್ ಬಾಲಕನಿಗೆ ಬಾಗಿಲು ತೆರೆದ ಮಿಲ್ಲಾರ್ಡ್ ಅವನ ಹೆಸರಿನ ಧರ್ಮವನ್ನು ನೋಡಲಿಲ್ಲ. ಅವನ ಕೈಯಲ್ಲಿದ್ದ ಹಕ್ಕಿಯನ್ನೂ ಕಣ್ಣಲ್ಲಿದ್ದ ಪ್ರಶ್ನೆಯನ್ನೂ ನೋಡಿದರು.

ಅಗಲಿದ ಗುರುವಿಗೆ ಸಲ್ಲಿಸಬಹುದಾದ ಗೌರವ ಇದು.